ವೈದ್ಯರೆದುರು ಮುಚ್ಚಿಟ್ಟ ಮಾತು

ಮನೆಗೆ ಬಂದ ಆಪತ್ತನ್ನು ಹೊರಗೆ ತೋರಗೊಡದೆ ಒಳಗೊಳಗೇ ನಿಭಾಯಿಸುವುದು ಗೌರವಸ್ಥ ಕುಟುಂಬಗಳ ಹಳೆಯ ಕ್ರಮ. ವ್ಯಾಪಾರದಲ್ಲಿ ಬಂದ ನಷ್ಟಕ್ಕೆ, ಅಣ್ಣತಮ್ಮಂದಿರ ಮನಸ್ತಾಪಕ್ಕೆ ಈ ಕ್ರಮ ಒಪ್ಪುತ್ತದೆ. ಎಷ್ಟೋ ಮನೆಗಳು ಅದರಿಂದ ಉಳಿದುಕೊಂಡಿವೆ. ಆದರೆ ಕೆಲವು ಆಪತ್ತುಗಳಲ್ಲಿ ಮುಚ್ಚಿಡುವಿಕೆಯೇ ಮೂಲ ಆಪತ್ತಿಗಿಂತ ದೊಡ್ಡದಾಗಿಬಿಡುತ್ತದೆ. ಉತ್ತೇಜಕ ದ್ರವ್ಯಗಳ ಸೇವನೆಯಿಂದ ತರುಣರಿಗೆ ಬರುವ ಮೂರ್ಛೆಯ ಸೆಳವು, ಅಂದರೆ ಜನರ ಬಾಯಲ್ಲಿ ಫಿಟ್ಸ್ ಎನಿಸಿದ ವ್ಯಾಧಿ, ಅಂಥದ್ದು. ಅದನ್ನು ತಡೆಯಲು ಸಾಧ್ಯವಿದೆ, ಬಂದಾಗ ಉಪಚರಿಸಲೂ ಸಾಧ್ಯವಿದೆ. ಎರಡಕ್ಕೂ ಬೇಕಾದುದು ಒಂದೇ, ನಡೆದುದನ್ನು ನಡೆದಂತೆ ಹೇಳುವ ಧೈರ್ಯ.

೧೯೮೬ರ ಜೂನ್ ೧೭ರಂದು ಅಮೆರಿಕದ ಪ್ರಸಿದ್ಧ ಬಾಸ್ಕೆಟ್‌ಬಾಲ್ ತಂಡವಾದ ಬಾಸ್ಟನ್ ಸೆಲ್ಟಿಕ್ಸ್, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟಗಾರ ಲೆನ್ ಬಯಾಸ್‌ನನ್ನು ಆರಿಸಿಕೊಂಡಿತು. ಆಗ ಆತನಿಗೆ ೨೨ ವರ್ಷ. ಆ ವರ್ಷ ಆಯ್ಕೆಯಾದವರ ಪಟ್ಟಿಯಲ್ಲಿ ಆತನದು ಎರಡನೆಯ ಹೆಸರು. ಎರಡು ದಿನ ಕಳೆಯಿತು. ಜೂನ್ ೧೯ರ ಬೆಳಗಿನ ಜಾವ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಗೆಳೆಯರ ಜೊತೆ ಕೊಕೇನ್ ಸೇವಿಸಿದ ಆತ ಕುಸಿದು ಬಿದ್ದ. ಮೈಗೆ ಸೆಳವು ಬಂದಿತು. ಗೆಳೆಯನೊಬ್ಬ ಆಂಬುಲೆನ್ಸಿಗೆ ಫೋನು ಮಾಡಿದ. ಆಸ್ಪತ್ರೆ ಸೇರಿದರೂ ಜೀವ ಉಳಿಯಲಿಲ್ಲ. ಕೊಕೇನಿನಿಂದ ಹೃದಯದ ಬಡಿತದ ಲಯ ತಪ್ಪಿತ್ತು ಎಂದು ಮರಣೋತ್ತರ ಪರೀಕ್ಷೆ ಹೇಳಿತು. ಅಷ್ಟು ಗಟ್ಟಿ ಶರೀರದ, ಅಷ್ಟು ಕಸರತ್ತಿನ ಆಟಗಾರನಿಗೇ ಹೀಗಾಯಿತೆಂದು ಆ ದೇಶವೇ ಬೆಚ್ಚಿತು.

ಬೆಚ್ಚಿದ ದೇಶ ಮಾಡಿದ್ದೇನು? ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಕಠಿಣವಾದ ಮಾದಕವಸ್ತು ಕಾಯಿದೆ ಬಂದಿತು. ಕನಿಷ್ಠ ಇಂತಿಷ್ಟು ವರ್ಷ ಸೆರೆವಾಸವೆಂಬ ಕಟ್ಟುಪಾಡು ಅದರಲ್ಲಿತ್ತು. ಶಿಕ್ಷೆಯ ಭಯದಿಂದ ಸೇವನೆ ನಿಲ್ಲುತ್ತದೆಂಬುದು ಆಳುವವರ ಎಣಿಕೆ. ಭಯವಂತೂ ಹೆಚ್ಚಿತು. ಆದರೆ ಆ ಭಯ ಇನ್ನೊಂದು ಕಡೆಗೂ ತಿರುಗಿತು. ಪಕ್ಕದಲ್ಲಿ ಬಿದ್ದ ಗೆಳೆಯನಿಗಾಗಿ ಫೋನು ಮಾಡಿದರೆ ತಾನೂ ಸಿಕ್ಕಿಬೀಳುವೆನೆಂದು ಕೈ ಹಿಂದೆಗೆಯುವವರಾದರು. ಇದನ್ನು ಮನಗಂಡು, ಸಹಾಯಕ್ಕಾಗಿ ಕರೆ ಮಾಡಿದವರ ಮೇಲೆ ಮೊಕದ್ದಮೆ ಹೂಡಬಾರದೆಂಬ ಕಾಯಿದೆಯನ್ನು ಮೊದಲು ಮಾಡಿದ್ದು ನ್ಯೂ ಮೆಕ್ಸಿಕೋ ರಾಜ್ಯ, ಅದೂ ೨೦೦೭ರಲ್ಲಿ. ಬಯಾಸ್ ಸತ್ತ ಮೇರಿಲ್ಯಾಂಡೂ ಸೇರಿದಂತೆ ಬಹುಪಾಲು ರಾಜ್ಯಗಳು ಆಮೇಲೆ ಅದೇ ದಾರಿ ಹಿಡಿದವು. ದಂಡದ ಭಯ ಪ್ರಾಣಕ್ಕೆ ಎರವಾಗಬಾರದೆಂಬ ಪಾಠ ಕಲಿಯಲು ಒಂದು ಸಿರಿವಂತ ದೇಶಕ್ಕೆ ೨೧ ವರ್ಷ ಹಿಡಿಯಿತು. ನಮ್ಮ ಮನೆಗಳಲ್ಲಿ ದಂಡದ ಭಯಕ್ಕಿಂತ ಮಾನದ ಭಯ ದೊಡ್ಡದು. ಫಲ ಮಾತ್ರ ಒಂದೇ.

ಮೊದಲು ಈ ಸೆಳವು ಹೇಗೆ ಬರುತ್ತದೆಂಬುದನ್ನು ತಿಳಿಯಬೇಕು. ಮಿದುಳಿನ ನರಕೋಶಗಳು ವಿದ್ಯುತ್ತಿನ ಸಣ್ಣ ಸಣ್ಣ ಸಂಜ್ಞೆಗಳಿಂದ ತಮ್ಮತಮ್ಮಲ್ಲಿ ವ್ಯವಹರಿಸುತ್ತವೆ. ಅವುಗಳಲ್ಲಿ ಮುಂದಕ್ಕೆ ತಳ್ಳುವ ಸಂಜ್ಞೆಗಳಿವೆ, ಹಿಂದಕ್ಕೆ ಹಿಡಿಯುವ ಸಂಜ್ಞೆಗಳೂ ಇವೆ. ಎರಡೂ ಸಮತೂಕದಲ್ಲಿದ್ದಷ್ಟು ಕಾಲ ಕ್ಷೇಮ. ತಳ್ಳುವುದು ಮೇಲುಗೈಯಾಗಿ ಅಸಂಖ್ಯ ಕೋಶಗಳು ಒಮ್ಮೆಗೇ ಉರಿದೆದ್ದರೆ ಪ್ರಜ್ಞೆ ತಪ್ಪುತ್ತದೆ, ಮೈ ಸೆಟೆಯುತ್ತದೆ, ಕೈಕಾಲು ಅದುರುತ್ತವೆ. ಹೀಗೆ ಒಮ್ಮೆ ಬಂದ ಮಾತ್ರಕ್ಕೆ ಅದು ಅಪಸ್ಮಾರ ರೋಗವಲ್ಲ. ಕಾರಣವಿಲ್ಲದೆ ಮತ್ತೆ ಮತ್ತೆ ಬರುವ ಪ್ರವೃತ್ತಿಗೆ ಆ ಹೆಸರು. ವಿಷದಿಂದಲೋ ಜ್ವರದಿಂದಲೋ ರಕ್ತದಲ್ಲಿನ ಲವಣ ಕುಸಿದೋ ಬಂದ ಸೆಳವು ಬೇರೆಯ ಬಾಬ್ತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಕೆರೆಯ ಏರಿಯನ್ನು ನೋಡಿದವರಿಗೆ ಈ ಸಂಗತಿ ಸುಲಭವಾಗಿ ತಿಳಿಯುತ್ತದೆ. ಪ್ರತಿಯೊಬ್ಬರ ಮಿದುಳಿಗೂ ಒಂದು ಏರಿಯಿದೆ. ಕೆಲವರದು ಹುಟ್ಟಿನಿಂದಲೇ ತಗ್ಗು, ಕೆಲವರದು ಎತ್ತರ. ಉತ್ತೇಜಕಗಳು ನೀರಿನ ಮಟ್ಟವನ್ನು ಏರಿಸುತ್ತವೆ. ನಿದ್ದೆಗೇಡು, ಹಸಿವು, ತಲೆಗೆ ಬಿದ್ದ ಹಳೆಯ ಪೆಟ್ಟು, ಕುಡಿತವನ್ನು ಥಟ್ಟನೆ ನಿಲ್ಲಿಸಿದ ದಿನಗಳು ಏರಿಯನ್ನೇ ಸವೆಸುತ್ತವೆ. ಹತ್ತು ಸಲ ಏನೂ ಆಗದವನಿಗೆ ಹನ್ನೊಂದನೆಯ ಸಲ ಏಕಾಯಿತೆಂದು ಕೇಳುವವರಿಗೆ ಉತ್ತರ ಇಲ್ಲಿದೆ. ಆ ದಿನ ನೀರು ಹೆಚ್ಚಿತ್ತೋ ಏರಿ ಕುಸಿದಿತ್ತೋ, ಎರಡೂ ಕೂಡಿತ್ತೋ. ಆದ್ದರಿಂದ "ಹಿಂದೆ ತೆಗೆದುಕೊಂಡಾಗ ಏನೂ ಆಗಲಿಲ್ಲ" ಎಂಬುದು ಯಾವ ಭರವಸೆಯೂ ಅಲ್ಲ.

ಉತ್ತೇಜಕಗಳೆಲ್ಲವೂ ಒಂದೇ ದಾರಿಯಲ್ಲಿ ಕೆಡುಕು ಮಾಡುವುದಿಲ್ಲ. ಕೊಕೇನ್ ನರಗಳ ಉದ್ರೇಕವನ್ನು ಹೆಚ್ಚಿಸುವುದರ ಜೊತೆಗೆ ರಕ್ತನಾಳಗಳನ್ನು ಬಿಗಿಯುತ್ತದೆ; ಸೆಳವಿನ ಹಿಂದೆ ಮಿದುಳಿನ ರಕ್ತಸ್ರಾವವೂ ಅಡಗಿರಬಹುದು. ಆಂಫೆಟಮಿನ್, ಮೆಥಾಂಫೆಟಮಿನ್ ವರ್ಗದವು ದಿನಗಟ್ಟಲೆ ನಿದ್ದೆಯನ್ನು ಕಸಿಯುತ್ತವೆ, ದೇಹದ ಉಷ್ಣವನ್ನು ಅಪಾಯದ ಮಟ್ಟಕ್ಕೆ ಏರಿಸುತ್ತವೆ. ಇವನ್ನು ಮೊದಲು ಮಾರಿದವರು ಕಳ್ಳಸಾಗಣೆದಾರರಲ್ಲ ಎಂಬುದು ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿ. ಜರ್ಮನಿಯಲ್ಲಿ ೧೯೩೮ರಿಂದ ಪರ್ವಿಟಿನ್ ಎಂದು, ಜಪಾನಿನಲ್ಲಿ ಯುದ್ಧಕಾಲದಲ್ಲಿ ಫಿಲೊಪಾನ್ ಎಂದು ಹೆಸರುಳ್ಳ ಕಂಪನಿಗಳೇ ಇದನ್ನು ದಣಿವಿನ ಮದ್ದೆಂದು ಮಾರಿದವು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ವ್ಯಸನಿಗಳ ಸಂಖ್ಯೆ ಬೆಳೆದು ೧೯೫೧ರಲ್ಲಿ ನಿಯಂತ್ರಣದ ಕಾಯಿದೆ ತರಬೇಕಾಯಿತು. ಸರಕಿಗೆ ಅಂಗಡಿಯಲ್ಲಿ ಬಿಲ್ಲು ಸಿಗುತ್ತದೆಂದ ಮಾತ್ರಕ್ಕೆ ಅದು ನಿರಪಾಯವೆನ್ನಲಾಗದು.

ನಗರಗಳ ರಾತ್ರಿಕೂಟಗಳಲ್ಲಿ ಎಕ್ಸ್ಟಸಿ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ದಾಟುವ ಎಂಡಿಎಂಎ ಗುಳಿಗೆಯ ರೀತಿ ಇನ್ನೂ ವಿಚಿತ್ರ. ಅದು ದೇಹವು ನೀರನ್ನು ಹೊರಹಾಕದಂತೆ ತಡೆಯುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಬೆವರಿ ಕುಣಿದವರು ಬಾಯಾರಿ ಲೀಟರುಗಟ್ಟಲೆ ನೀರು ಕುಡಿಯುತ್ತಾರೆ. ನೀರು ಒಳಗೇ ಉಳಿದು ರಕ್ತದಲ್ಲಿನ ಸೋಡಿಯಂ ತಿಳಿಯಾಗಿ, ಮಿದುಳು ಊದಿ ಸೆಳವು ಬರುತ್ತದೆ. ಹೆಣ್ಣುಮಕ್ಕಳಲ್ಲಿ ಈ ಅಪಾಯ ಹೆಚ್ಚು. ಒಳ್ಳೆಯದೆಂದು ಕುಡಿದ ನೀರೇ ಅಲ್ಲಿ ಕೇಡಾಗುತ್ತದೆ.

ಇವೆಲ್ಲ ದೂರದ ಮಾತೆನಿಸಿದರೆ, ಮನೆಯೊಳಗಿನ ಉತ್ತೇಜಕಗಳ ಕಡೆಗೆ ಬರಬಹುದು. ಚಿಕ್ಕಮಗಳೂರು, ಕೊಡಗುಗಳ ನಾಡಿನಲ್ಲಿ ಕಾಫಿಯನ್ನು ದೂರುವ ಧೈರ್ಯ ಯಾರಿಗೂ ಬಾರದು, ದೂರಬೇಕಾದ ಕಾರಣವೂ ಇಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ೪೦೦ ಮಿಲಿಗ್ರಾಂವರೆಗಿನ ಕೆಫೀನ್, ಒಂದು ಸಲಕ್ಕೆ ೨೦೦ ಮಿಲಿಗ್ರಾಂ, ಚಿಂತೆಗೆ ಕಾರಣವಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ೨೦೧೫ರಲ್ಲಿ ಹೇಳಿದೆ. ನಮ್ಮ ದೇಶದ ನಿಯಮದಂತೆ ಕೆಫೀನ್ ಬೆರೆಸಿದ ಪಾನೀಯಗಳಲ್ಲಿ ಲೀಟರಿಗೆ ೩೦೦ ಮಿಲಿಗ್ರಾಂ ಮೀರಬಾರದು. ಮಕ್ಕಳಿಗೂ ಗರ್ಭಿಣಿಯರಿಗೂ ತಕ್ಕುದಲ್ಲವೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅಂದರೆ ೨೫೦ ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಹೆಚ್ಚೆಂದರೆ ೭೫ ಮಿಲಿಗ್ರಾಂ. ಒಂದು ಡಬ್ಬಿಯಿಂದ ಸಾಮಾನ್ಯವಾಗಿ ಫಿಟ್ಸ್ ಬರುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಆರು ಡಬ್ಬಿ, ಅದರ ಮೇಲೆ ನಾಲ್ಕು ಲೋಟ ಕಾಫಿ, ಎರಡು ದಿನದ ನಿದ್ದೆಗೇಡು ಸೇರಿದಾಗ ಲೆಕ್ಕ ಬೇರೆಯಾಗುತ್ತದೆ. ಕಸರತ್ತಿನ ಶಾಲೆಗಳಲ್ಲಿ ಮಾರುವ ಪುಡಿಗಳಲ್ಲಿ ಇನ್ನೂ ಹೆಚ್ಚಿನ ಕೆಫೀನ್ ಇರುವುದುಂಟು. ಶುದ್ಧ ಕೆಫೀನ್ ಪುಡಿಯ ಒಂದು ಟೀ ಚಮಚವು ಸುಮಾರು ೨೮ ಕಪ್ ಕಾಫಿಗೆ ಸಮವೆಂದು ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದೆ. ಚಮಚದಲ್ಲಿ ಅಳೆಯುವ ವಸ್ತುವೇ ಅದಲ್ಲ. ಕೆಫೀನ್ ಮಾಡುವುದೇನೆಂದರೆ, ಮಿದುಳಿನ ಸ್ವಾಭಾವಿಕ ಲಗಾಮಾದ ಅಡೆನೊಸಿನ್ ಎಂಬ ದ್ರವ್ಯಕ್ಕೆ ಅಡ್ಡ ನಿಲ್ಲುತ್ತದೆ. ಬಂದ ಸೆಳವನ್ನು ಶಮನಗೊಳಿಸುವುದೂ ಅದೇ ಲಗಾಮು.

ಕೆಫೀನಿನ ಹತ್ತಿರದ ಬಂಧು ಥಿಯೋಫಿಲಿನ್. ಉಬ್ಬಸವಿರುವ ಹಿರಿಯರ ಔಷಧದ ಡಬ್ಬಿಯಲ್ಲಿ ಡೆರಿಫಿಲಿನ್ ಎಂಬ ಗುಳಿಗೆಯಾಗಿ ಅದು ಎಷ್ಟೋ ಮನೆಗಳಲ್ಲಿದೆ. ಅದರಲ್ಲಿ ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಣ ಅಂತರ ಕಿರಿದು. ಮೂತ್ರದ ಸೋಂಕಿಗೆಂದು ಸಿಪ್ರೊಫ್ಲಾಕ್ಸಸಿನ್ ಕೊಟ್ಟರೆ ಯಕೃತ್ತು ಥಿಯೋಫಿಲಿನನ್ನು ಕರಗಿಸುವ ವೇಗ ಕುಂದಿ, ಗುಳಿಗೆಗಳ ಸಂಖ್ಯೆ ಹೆಚ್ಚದಿದ್ದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ವಾಂತಿ, ಎದೆಬಡಿತ, ಕೈನಡುಕ, ಆಮೇಲೆ ಸೆಳವು. ಇಲ್ಲಿ ವ್ಯಸನವಿಲ್ಲ, ದುರಾಚಾರವಿಲ್ಲ. ಎರಡು ಕಡೆಯ ಚೀಟಿಗಳನ್ನು ಒಬ್ಬರಿಗೊಬ್ಬರಿಗೆ ತೋರಿಸದೆ ಇದ್ದುದೊಂದೇ ಕಾರಣ. ಮುಚ್ಚಿಟ್ಟ ಮಾತು ಯಾವಾಗಲೂ ನಾಚಿಕೆಯದ್ದೇ ಆಗಿರಬೇಕಿಲ್ಲ. ಹೇಳಲು ಮರೆತ ಮಾತೂ ಅಷ್ಟೇ ಕೆಡುಕು ಮಾಡೀತು.

ಸಪ್ತವ್ಯಸನಗಳನ್ನು ತೊರೆಯಬೇಕೆಂದು ಕೇಳುತ್ತ ಬೆಳೆದ ಮನೆಗಳಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಕುರುಡು ಇದೆ. ಮದ್ಯಕ್ಕೆ ವಾಸನೆಯಿದೆ, ಮಾಂಸ ತಟ್ಟೆಯಲ್ಲಿ ಕಾಣುತ್ತದೆ. ತಲೆಮಾರುಗಳಿಂದ ಮನೆಯ ಕಾವಲು ಮೂಗು ಮತ್ತು ತಟ್ಟೆಯ ಬಳಿ ನಿಂತಿದೆ. ವಾಸನೆಯಿಲ್ಲದ, ಅಂಗೈಯಲ್ಲಿ ಅಡಗುವ ಗುಳಿಗೆ ಆ ಕಾವಲನ್ನು ಸಲೀಸಾಗಿ ದಾಟಿ ಒಳಗೆ ಬರುತ್ತದೆ. ಮಗ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದರೆ ಓದುತ್ತಿದ್ದಾನೆಂದು ಹೆಮ್ಮೆ. ಊಟ ಬಿಟ್ಟರೆ ಸಂಯಮವೆಂದು ಸಂತೋಷ. "ಇದರಲ್ಲಿ ಹಿಂಸೆ ಎಲ್ಲಿದೆ? ಯಾವ ಪ್ರಾಣಿಯನ್ನೂ ಕೊಂದು ಮಾಡಿದ್ದಲ್ಲವಲ್ಲ" ಎಂದು ಕೇಳುವ ಬುದ್ಧಿವಂತ ತರುಣರೂ ಇದ್ದಾರೆ. ಪ್ರಮಾದದಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆ ಎಂಬ ಲಕ್ಷಣವನ್ನು ಬಲ್ಲವರಿಗೆ ಈ ಪ್ರಶ್ನೆ ಕಷ್ಟದ್ದಲ್ಲ. ಹಾನಿಗೊಳ್ಳುವ ಪ್ರಾಣ ಇಲ್ಲಿ ತನ್ನದೇ. ನಿದ್ದೆಯನ್ನು ಕೊಂದು ಪಡೆದ ಎಚ್ಚರವು ಲಾಭದ ಬಾಬ್ತಿನಲ್ಲಿ ಬರೆಯತಕ್ಕದ್ದಲ್ಲ. ಅದು ನಾಳೆಯ ಮೇಲೆ ಬರೆದ ಹುಂಡಿ, ಬಡ್ಡಿ ಸಮೇತ ತೀರಿಸಬೇಕಾದದ್ದು.

ಇನ್ನು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರೋಣ. ಹೀಗೊಂದು ಪ್ರಸಂಗವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಇಂಜಿನಿಯರಿಂಗ್ ಓದುವ ಹುಡುಗನನ್ನು ರಾತ್ರಿ ಹೊತ್ತು ತಂದಿದ್ದಾರೆ. ಸೆಳವು ನಿಂತಿದೆ, ಪ್ರಜ್ಞೆ ಇನ್ನೂ ಪೂರ್ತಿ ಮರಳಿಲ್ಲ. ಊರಿನಿಂದ ಧಾವಿಸಿದ ತಂದೆ ಹೇಳುತ್ತಾರೆ: "ಡಾಕ್ಟರೇ, ನಾಲ್ಕು ದಿನದಿಂದ ಓದುತ್ತ ನಿದ್ದೆಗೆಟ್ಟಿದ್ದಾನೆ. ಚತುರ್ದಶಿಯ ಉಪವಾಸವೂ ಇತ್ತು." ವೈದ್ಯರು ಕೇಳುತ್ತಾರೆ: "ಯಜಮಾನರೇ, ಬೇರೇನಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದನೇ?" ಉತ್ತರ ಥಟ್ಟನೆ ಬರುತ್ತದೆ: "ಇಲ್ಲ ಇಲ್ಲ, ನಮ್ಮದು ಜೈನರ ಮನೆ." ಗೋಡೆಗೆ ಒರಗಿ ನಿಂತ ಕೋಣೆಯ ಸಂಗಾತಿಗೆ ನಿಜ ಗೊತ್ತಿದೆ, ಅವನು ನೆಲ ನೋಡುತ್ತಾನೆ. ತಂದೆ ಸುಳ್ಳು ಹೇಳಿದರೆನ್ನಲಾಗದು. ಅವರಿಗೆ ಗೊತ್ತಿದ್ದುದು ಅಷ್ಟೇ. ಆದರೆ ಗೊತ್ತಿಲ್ಲದುದನ್ನು ಇಲ್ಲವೆಂದು ಖಂಡಿತವಾಗಿ ಹೇಳಿದ್ದು ಹುಡುಗನ ಮೈಮೇಲೆ ಹೋಗುತ್ತದೆ.

ಹೇಗೆಂದರೆ, ಉತ್ತೇಜಕ ವಿಷದಿಂದ ಬಂದ ಸೆಳವಿಗೆ ಮೊದಲ ಮದ್ದು ಲೊರಾಜೆಪಾಮ್, ಮಿಡಜೋಲಾಮ್, ಡಯಜೆಪಾಮ್ ವರ್ಗದ ಶಾಮಕಗಳು. ಬೇಕಾದರೆ ಹೆಚ್ಚಿನ ಪ್ರಮಾಣದಲ್ಲಿ. ಸಾಮಾನ್ಯ ಅಪಸ್ಮಾರದಲ್ಲಿ ಮುಂದಿನ ಹೆಜ್ಜೆಯಾಗಿ ಕೊಡುವ ಫೆನಿಟೋಯಿನ್ ಇಲ್ಲಿ ಅಷ್ಟಾಗಿ ಫಲಿಸುವುದಿಲ್ಲ. ಕೊಕೇನ್ ಸೇವಿಸಿದವನ ರಕ್ತದೊತ್ತಡವನ್ನು ಇಳಿಸಲು ಬೀಟಾ-ಬ್ಲಾಕರ್ ವರ್ಗದ ಔಷಧ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಎಂಡಿಎಂಎಯಿಂದ ಸೋಡಿಯಂ ಕುಸಿದಿದ್ದರೆ ಬೇಕಾಗುವುದು ತೀಕ್ಷ್ಣವಾದ ಲವಣದ್ರಾವಣ; ಬರಿಯ ನೀರೇರಿಸುವ ಬಾಟಲಿ ಕೇಡನ್ನು ಹೆಚ್ಚಿಸೀತು. ಮೈ ಸುಡುತ್ತಿದ್ದರೆ ಎಲ್ಲಕ್ಕಿಂತ ಮುಂಚೆ ತಂಪು ಮಾಡಬೇಕು. ಇಷ್ಟೊಂದು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಒಂದು ವಾಕ್ಯದಲ್ಲಿ ನಿಂತಿದೆ. ಆ ವಾಕ್ಯವನ್ನು ಮುಚ್ಚಿಟ್ಟವರು ವೈದ್ಯರ ಕಣ್ಣಿಗೆ ಬಟ್ಟೆ ಕಟ್ಟಿ ಶಸ್ತ್ರ ಕೊಟ್ಟಂತೆ.

ಹುಡುಗ ಬದುಕಿ ಮನೆಗೆ ಬಂದನೆನ್ನೋಣ. ಕಾರಣ ತಿಳಿಯದ ಸೆಳವೆಂದು ಕಡತದಲ್ಲಿ ದಾಖಲಾಗಿರುತ್ತದೆ. ಬೇಕಿಲ್ಲದ ಅಪಸ್ಮಾರದ ಗುಳಿಗೆ ವರ್ಷಗಟ್ಟಲೆ ನಡೆಯಬಹುದು. ವಾಹನದ ಪರವಾನಗಿಯ ಅರ್ಜಿಯಲ್ಲಿ ಈ ರೋಗವುಂಟೇ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಾಗುತ್ತದೆ. ಮದುವೆಯ ಮಾತು ಬಂದಾಗ ಮತ್ತೊಂದು ಮುಚ್ಚಿಡುವಿಕೆ ಮೊದಲಾಗುತ್ತದೆ. ಜೈನರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿಯೆಂಬ ಮಾತು ಒಂದು ಕಾಲದಲ್ಲಿ ಇತ್ತು. ೧೯೯೯ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾಯಿದೆ ತಿದ್ದಿಕೊಂಡಿದೆ, ಜನರ ಮನಸ್ಸು ಇನ್ನೂ ತಿದ್ದಿಕೊಂಡಿಲ್ಲ. ಗುಳಿಗೆಯ ಕಳಂಕವನ್ನು ತಪ್ಪಿಸಲು ಹೋಗಿ ಮಗನ ಮೇಲೆ ರೋಗದ ಕಳಂಕ ಹೊರಿಸಿದಂತಾಯಿತಲ್ಲವೆ? ಇದಕ್ಕಿಂತ ಘೋರವಾದುದೆಂದರೆ, ನಿಜವಾದ ಕಾರಣ ಹಾಗೆಯೇ ಉಳಿದಿರುತ್ತದೆ. ಅದೇ ಗುಳಿಗೆ, ಅದೇ ನಿದ್ದೆಗೇಡು, ಮುಂದಿನ ಪರೀಕ್ಷೆ. ಎರಡನೆಯ ಸೆಳವು ಸ್ನಾನದ ಮನೆಯಲ್ಲಿಯೋ ದ್ವಿಚಕ್ರ ವಾಹನದ ಮೇಲೋ ಬರಬಹುದು.

ಪೊಲೀಸರ ಭಯವೂ ಸುಳ್ಳಲ್ಲ. ೧೯೮೫ರ ಮಾದಕದ್ರವ್ಯ ಕಾಯಿದೆಯ ೨೭ನೆಯ ಕಲಮಿನಂತೆ ಸೇವನೆಯೂ ಅಪರಾಧವೇ. ವಿಷಸೇವನೆಯೆಂದು ಕಂಡುಬಂದ ಪ್ರಕರಣಗಳನ್ನು ಆಸ್ಪತ್ರೆಗಳು ಪೊಲೀಸರಿಗೆ ತಿಳಿಸುವುದುಂಟು. ಇದನ್ನು ಮರೆಸಿ ಧೈರ್ಯ ಹೇಳುವುದು ಸರಿಯಲ್ಲ. ಆದರೆ ಅದೇ ಕಾಯಿದೆಯ ೬೪ಎ ಕಲಮನ್ನೂ ಓದಬೇಕು. ವ್ಯಸನಿಯಾದವನು ತಾನಾಗಿಯೇ ಸರ್ಕಾರದ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಅದನ್ನು ಪೂರ್ತಿಗೊಳಿಸಿದರೆ, ಸೇವನೆಯ ಅಪರಾಧಕ್ಕೂ ಅಲ್ಪ ಪ್ರಮಾಣದ ಅಪರಾಧಕ್ಕೂ ಅವನ ಮೇಲೆ ಮೊಕದ್ದಮೆ ನಡೆಯತಕ್ಕದ್ದಲ್ಲವೆಂದು ಅದು ಹೇಳುತ್ತದೆ. ಮಾರಾಟ ಮಾಡಿದವನಿಗೆ ಈ ರಕ್ಷಣೆಯಿಲ್ಲ, ಇರಬೇಕಾದುದೂ ಇಲ್ಲ. ಒಬ್ಬ ವಕೀಲರನ್ನು ಕೇಳಿ ಬಗೆಹರಿಸಬಹುದಾದ ತೊಡಕಿಗೆ ಹೆದರಿ ಬಗೆಹರಿಯದ ನಷ್ಟವನ್ನು ತಂದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಜಾಣತನವಲ್ಲ.

ಬಸದಿಗಳ ಟ್ರಸ್ಟುಗಳವರಿಗೆ ಈ ವಿಷಯ ಏಕೆಂದು ಕೆಲವರು ಕೇಳಬಹುದು. ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟುಗಳು ನಮ್ಮಲ್ಲಿ ಹಲವಿವೆ. ಊರು ಬಿಟ್ಟು ಓದಲು ಬಂದ ಹುಡುಗರಿಗೆ ಶುದ್ಧ ಆಹಾರ, ಸಂಜೆಗೆ ಮುಂಚೆ ಊಟ ಸಿಗುವುದು ಅಲ್ಲಿಯೇ. ಅಂಥ ನಿಲಯಗಳ ನಿಯಮಾವಳಿಯನ್ನು ತೆಗೆದು ನೋಡಿದರೆ, ಮಾದಕವಸ್ತು ಸೇವಿಸಿದವರನ್ನು ಕೂಡಲೇ ಹೊರಹಾಕಲಾಗುವುದು ಎಂಬಂಥ ನಿಯಮ ಸಾಮಾನ್ಯವಾಗಿ ಇರುತ್ತದೆ. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಮಧ್ಯರಾತ್ರಿ ಸಂಗಾತಿ ಅದುರುತ್ತ ಬಿದ್ದಾಗ ಪಕ್ಕದ ಹಾಸಿಗೆಯ ಹುಡುಗನ ಮನಸ್ಸಿನಲ್ಲಿ ಮೊದಲು ಮೂಡುವುದೂ ಆ ನಿಯಮವೇ. ವಾರ್ಡನ್‌ರನ್ನು ಎಬ್ಬಿಸಿದರೆ ಗೆಳೆಯನ ಓದು ಮುಗಿಯಿತು, ತನ್ನದೂ ಮುಗಿಯಬಹುದು. ಸ್ವಲ್ಪ ಹೊತ್ತು ನೋಡೋಣವೆಂದು ಕಾಯುತ್ತಾನೆ. ಐದು ನಿಮಿಷ ಮೀರಿ ನಡೆಯುವ ಸೆಳವು ತಾನಾಗಿ ನಿಲ್ಲುವ ಸಂಭವ ಕಡಿಮೆಯಾಗುತ್ತ ಹೋಗುತ್ತದೆ. ಆ ಹುಡುಗ ಕಾಯುವುದು ಅಂಥ ನಿಮಿಷಗಳನ್ನು.

ಈ ನಿಯಮಕ್ಕೆ ಒಂದು ಸಾಲು ಸೇರಿಸುವುದು ಟ್ರಸ್ಟಿನ ಒಂದು ಸಭೆಯ ಕೆಲಸ: ತನಗಾಗಲಿ ಸಂಗಾತಿಗಾಗಲಿ ಅಪಾಯವಾದಾಗ ಸಹಾಯ ಕೇಳಿದವನನ್ನು ಆ ಕಾರಣಕ್ಕಾಗಿ ಹೊರಹಾಕುವುದಿಲ್ಲ, ಚಿಕಿತ್ಸೆಗೆ ಕಳುಹಿಸಲಾಗುವುದು. ಇದರಿಂದ ಶಿಸ್ತು ಸಡಿಲಾಗುತ್ತದೆಂದು ಹಿರಿಯ ಟ್ರಸ್ಟಿಗಳು ಆಕ್ಷೇಪಿಸುವುದು ಸಹಜ. ಗುಳಿಗೆ ತಂದು ಹಂಚಿದವನನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಎಣಿಸುವ ಸಮಾಜ ಇದು. ಮೊದಲಿನ ಮೂರಕ್ಕೆ ಹಣ ಸಂಗ್ರಹವಾಗುತ್ತದೆ, ದಾನಿಗಳ ಹೆಸರು ಶಿಲಾಫಲಕದಲ್ಲಿ ಕೆತ್ತಲ್ಪಡುತ್ತದೆ. ನಾಲ್ಕನೆಯದನ್ನು ಪಿಂಜರಾಪೋಲಿನ ಮೂಕಪ್ರಾಣಿಗಳಿಗೆ ಕೊಟ್ಟು ತೃಪ್ತರಾಗಿದ್ದೇವೆ. ನಿಲಯದ ಹುಡುಗನಿಗೆ ಅಭಯ ಕೊಡಲು ಹಣ ಬೇಕಿಲ್ಲ, ನಿಯಮಾವಳಿಯ ಒಂದು ಸಾಲು ಸಾಕು.

ತಡೆಗಟ್ಟುವ ಕ್ರಮಗಳಲ್ಲಿ ನಿದ್ದೆಗೆ ಸಮನಾದುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ನಿಲಯದ ದೀಪಗಳನ್ನು ಹೊತ್ತಿಗೆ ಆರಿಸುವ ಹಳೆಯ ಪದ್ಧತಿಯನ್ನು ಕೆಲವು ಕಡೆ ಕೈಬಿಟ್ಟಿದ್ದಾರೆ; ಮತ್ತೆ ತಂದರೆ ಒಳ್ಳೆಯದು. ಗೆಳೆಯನಿಗೆ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತಾನು ನುಂಗಬಾರದು. ಗಮನದ ಕೊರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಹೀಗೆ ಕೈ ಬದಲಾಯಿಸುವುದುಂಟು. ಅದು ಮೇಲೆ ಹೇಳಿದ ಕಾಯಿದೆಯ ಪಟ್ಟಿಯಲ್ಲಿರುವ ದ್ರವ್ಯ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ವೈದ್ಯರು ಪರೀಕ್ಷಿಸಿ ಕೊಟ್ಟ ಪ್ರಮಾಣದಲ್ಲಿ ಅದನ್ನು ಸೇವಿಸುವ ಮಗುವಿಗೆ ಸೆಳವಿನ ಭಯ ಅತ್ಯಲ್ಪ. ಈ ಲೇಖನ ಓದಿ ಯಾವ ತಾಯಿಯೂ ಆ ಮಗುವಿನ ಔಷಧ ನಿಲ್ಲಿಸಬಾರದು. ಬೀಗ ಹಾಕಿದ ಕಪಾಟಿನಲ್ಲಿಟ್ಟು ಎಣಿಸಿ ಕೊಟ್ಟರೆ ಸಾಕು. ಟ್ರಮಡಾಲ್ ಎಂಬ ನೋವಿನ ಗುಳಿಗೆ ಉತ್ತೇಜಕವಲ್ಲ, ಆದರೂ ದಣಿವಾರಿಸಲೆಂದು ನುಂಗುವವರಿದ್ದಾರೆ. ಅದೂ ಸೆಳವು ತರುತ್ತದೆ. ೨೦೧೮ರಲ್ಲಿ ಅದನ್ನೂ ಈ ಕಾಯಿದೆಗೆ ಒಳಪಡಿಸಲಾಯಿತು. ಇಂಥವುಗಳಲ್ಲಿ ಒಂದರೊಡನೊಂದನ್ನು, ಅಥವಾ ಮದ್ಯದೊಡನೆ, ಬೆರೆಸಿದಾಗ ಅಪಾಯ ಕೂಡುವುದಲ್ಲ, ಗುಣಿಸುತ್ತದೆ. ತಲೆಗೆ ಪೆಟ್ಟು ಬಿದ್ದವರು, ಹಿಂದೆ ಒಮ್ಮೆಯಾದರೂ ಫಿಟ್ಸ್ ಬಂದವರು, ಮನೆತನದಲ್ಲಿ ಅಪಸ್ಮಾರವಿರುವವರು ಇವುಗಳಿಂದ ಸಂಪೂರ್ಣ ದೂರವಿರಬೇಕು.

ಉಪವಾಸದ ಮಾತನ್ನೂ ಹೇಳಲೇಬೇಕು. ಅಪಸ್ಮಾರದ ಔಷಧ ಸೇವಿಸುವವರು ಪರ್ವದ ದಿನಗಳಲ್ಲಿ ಗುಳಿಗೆ ಬಿಟ್ಟರೆ, ಅಥವಾ ಸೂರ್ಯಾಸ್ತದ ನಂತರ ಬೇಡವೆಂದು ರಾತ್ರಿಯ ಗುಳಿಗೆಯನ್ನು ತಪ್ಪಿಸಿದರೆ ಸೆಳವು ಮರಳಬಹುದು. ವ್ರತ ಕೈಗೊಳ್ಳುವ ಮುನ್ನವೇ ವೈದ್ಯರನ್ನು ಕೇಳಿದರೆ ಹೊತ್ತಿಗೆ ಹೊಂದುವಂತೆ ಔಷಧ ಬದಲಿಸಿಕೊಡುವ ದಾರಿ ಹಲವು ಸಲ ಇರುತ್ತದೆ. ಶಕ್ತಿತಸ್ತಪ ಎಂದು ಹಿರಿಯರು ಅಳೆದೇ ಹೇಳಿದ್ದಾರೆ. ಶಕ್ತಿಯನ್ನು ಮೀರಿದ ತಪಸ್ಸನ್ನು ಅವರು ಕೇಳಲಿಲ್ಲ. ಉತ್ತೇಜಕ ಗುಳಿಗೆಯಿಂದ ಹಸಿವು ಅಡಗಿದವನ ಉಪವಾಸವಂತೂ ತಪಸ್ಸೇ ಅಲ್ಲ.

ಸೆಳವು ಬಂದಾಗ ಏನು ಮಾಡಬೇಕೆಂಬುದು ಪ್ರತಿ ಮನೆಯವರಿಗೂ ತಿಳಿದಿರಬೇಕು. ಕೆಲವು ಮನೆಗಳಲ್ಲಿ ಈರುಳ್ಳಿ ಮೂಸಿಸುತ್ತಾರೆ. ಈರುಳ್ಳಿ ಹೊಸ್ತಿಲು ದಾಟದ ನಮ್ಮ ಮನೆಗಳಲ್ಲಿ ಕಬ್ಬಿಣದ ಬೀಗದ ಕೈಗೊಂಚಲು ಹಿಡಿಸುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಬಹುಪಾಲು ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಕೀರ್ತಿ ಬೀಗದ ಕೈಗೆ ಸಲ್ಲುತ್ತದೆ. ಬಿದ್ದವನ ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿ ಮಡಿಸಿದ ಬಟ್ಟೆಯಿಟ್ಟು, ಕೊರಳಿನ ಗುಂಡಿ ಸಡಿಲಿಸಬೇಕು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಬಾಯೊಳಗೆ ಚಮಚ, ಬಟ್ಟೆ, ಬೆರಳು ಏನನ್ನೂ ತುರುಕಬಾರದು, ನೀರು ಹನಿಸಬಾರದು. ಗಡಿಯಾರ ನೋಡಿಕೊಳ್ಳಬೇಕು. ಅದುರುವಿಕೆ ತಗ್ಗಿದೊಡನೆ ಒಂದು ಮಗ್ಗುಲಿಗೆ ಹೊರಳಿಸಿದರೆ ಜೊಲ್ಲು, ವಾಂತಿ ಉಸಿರಿನ ನಾಳಕ್ಕೆ ಇಳಿಯುವುದಿಲ್ಲ. ಮೈ ಬಿಸಿಯಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಹಾಕಬೇಕು. ಅಪಸ್ಮಾರವೆಂದು ಮೊದಲೇ ಗೊತ್ತಿರುವವರ ವಿಷಯದಲ್ಲಿ ಐದು ನಿಮಿಷ ಕಾಯುವುದುಂಟು. ಗುಳಿಗೆ, ಪುಡಿಗಳ ಶಂಕೆಯಿದ್ದಲ್ಲಿ, ಅಥವಾ ಇದೇ ಮೊದಲ ಸೆಳವಾಗಿದ್ದಲ್ಲಿ, ಒಂದು ನಿಮಿಷವೂ ಕಾಯದೆ ೧೦೮ಕ್ಕೆ ಕರೆ ಮಾಡಬೇಕು. ಜಪಮಾಲೆಯ ಮಣಿಗಳ ಸಂಖ್ಯೆಯೇ ಆದ್ದರಿಂದ ಮರೆಯುವ ಭಯವಿಲ್ಲ. ಎರಡನೆಯ ಸೆಳವು ಬರುವ ಸಂಭವವಿರುವುದರಿಂದ ಎಚ್ಚರ ಬಂದನೆಂದು ಒಬ್ಬನನ್ನೇ ಬಿಟ್ಟು ಹೋಗಬಾರದು, ಮಲಗಿಸಿ ಬಾಗಿಲೆಳೆಯಬಾರದು.

ಆಂಬುಲೆನ್ಸ್ ಬರುವುದರೊಳಗೆ ಕೋಣೆಯ ಹುಡುಗರಲ್ಲಿ ಒಬ್ಬನನ್ನು ಬದಿಗೆ ಕರೆದು, ಗದರದೆ, ಏನು ತೆಗೆದುಕೊಂಡ, ಎಷ್ಟು, ಎಷ್ಟು ಹೊತ್ತಿಗೆ ಎಂದು ಕೇಳಿ ಚೀಟಿಯಲ್ಲಿ 'ಕೊನೆಯ ನಿದ್ದೆ ಯಾವಾಗ' ಎಂಬುದನ್ನೂ ಸೇರಿಸಿ ಬರೆದುಕೊಳ್ಳಬೇಕು. ಹಾಸಿಗೆಯ ಅಡಿಯಲ್ಲಿ, ಕಸದ ಬುಟ್ಟಿಯಲ್ಲಿ ಸಿಕ್ಕ ಗುಳಿಗೆಯ ಖಾಲಿ ಹಾಳೆ, ಪಾನೀಯದ ಡಬ್ಬಿ, ಪುಡಿಯ ಪೊಟ್ಟಣ ಯಾವುದನ್ನೂ ಎಸೆಯದೆ ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯಬೇಕು. ಹುಡುಗ ಚೇತರಿಸಿಕೊಂಡ ಮೇಲೆ ವ್ಯಸನದ ಚಿಕಿತ್ಸೆಗೆ ಮಾರ್ಗದರ್ಶನ ಬೇಕಾದರೆ ಕೇಂದ್ರ ಸರ್ಕಾರದ ಸಹಾಯವಾಣಿ ೧೪೪೪೬, ಮನಸ್ಸಿನ ಕಳವಳಕ್ಕೆ ಟೆಲಿ-ಮಾನಸ್ ೧೪೪೧೬ ಇವೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಈ ಸಂಖ್ಯೆಗಳನ್ನು ನಿಲಯದ ಭೋಜನಶಾಲೆಯಲ್ಲಿ, ಏಕಾದಿ ನಿಯಮಗಳ ಫಲಕದ ಪಕ್ಕದಲ್ಲಿಯೇ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆಸಿ ಹಾಕಬಹುದು.